ಸ್ವಿವೆಲ್ ಇದ್ದರೂ ದಾರಕ್ಕೆ ಹುರಿ ಬಿದ್ದದ್ದೇಕೆ? ಒಂದು ಪುಟ್ಟ ಸ್ಪಿನ್ನರ್‌ನ ಪ್ರಕರಣ

ಗೆಳೆಯ ತನ್ನ ಮೀನು ಹಿಡಿಯುವ ರಾಡಿನ ರೀಲ್, ಅಂದರೆ ದಾರ ಸುತ್ತುವ ಸಾಧನ, ತಂದು ನನ್ನ ಮುಂದಿಟ್ಟ. ಅದರ ಸ್ಪೂಲಿನ (ದಾರ ಸುತ್ತಿಕೊಳ್ಳುವ ಉರುಳೆ) ಮೇಲೆ ದಾರ ಸಡಿಲವಾಗಿ ಎದ್ದು ನಿಂತಿತ್ತು. ಬೇಲ್ (ಸ್ಪೂಲಿಗೆ ದಾರ ಸುತ್ತುವ ತಂತಿಯ ಕೈ) ತೆರೆದ ಕೂಡಲೇ ನಾಲ್ಕೈದು ಸುತ್ತು ತಾನಾಗಿಯೇ ಜಾರಿ ಬಿತ್ತು, ಬಿದ್ದದ್ದು ಒಂದಕ್ಕೊಂದು ಹೆಣೆದುಕೊಂಡಿತು. “ಈ ದಾರಾನೇ ಸರಿ ಇಲ್ಲ ಕಣೋ. ಎರಡನೇ ಸಲ ಹೊಸದು ಸುತ್ತಿದ್ದೀನಿ, ಮತ್ತೆ ಅದೇ ಕತೆ” ಅಂದ.

ಅವನ ಸಾಮಾನು ಹೀಗಿತ್ತು. 2500 ಅಳತೆಯ ಸ್ಪಿನ್ನಿಂಗ್ ರೀಲ್, 0.20 ಮಿ.ಮೀ. ದಪ್ಪದ ಮೋನೊ (ಒಂದೇ ಎಳೆಯ) ದಾರ, ತುದಿಗೆ ಸ್ನ್ಯಾಪ್ (ತೆರೆದು ಮುಚ್ಚುವ ಕೊಕ್ಕೆ) ಇರುವ ಸಾಮಾನ್ಯ ಸ್ವಿವೆಲ್ (ಎರಡು ಕೊನೆಯೂ ಬೇರೆ ಬೇರೆಯಾಗಿ ತಿರುಗಬಲ್ಲ ಕೊಂಡಿ), ಅದಕ್ಕೆ ನೇರವಾಗಿ ಸಿಕ್ಕಿಸಿದ 5 ಗ್ರಾಂ ತೂಕದ ಸ್ಪಿನ್ನರ್. ಸ್ಪಿನ್ನರ್ ಬಳಸದವರಿಗೆ ಹೇಳುವುದಾದರೆ, ಅದೊಂದು ತಂತಿಯ ಕಡ್ಡಿ. ಕಡ್ಡಿಯ ಸುತ್ತ ಗಿರಕಿ ಹೊಡೆಯುವ ತೆಳುವಾದ ಲೋಹದ ಎಲೆ, ಅದರ ಹಿಂದೆ ತೂಕಕ್ಕೊಂದು ಮೈ, ಕೊನೆಗೆ ಮೂರು ಮುಳ್ಳಿನ ಗಾಳ. ನೀರಲ್ಲಿ ಎಳೆದರೆ ಎಲೆ ತಿರುಗುತ್ತದೆ, ಮಿಂಚುತ್ತದೆ, ನೀರನ್ನು ನಡುಗಿಸುತ್ತದೆ, ಮೀನು ಅದನ್ನೇ ಬೆನ್ನಟ್ಟಿ ಬರುತ್ತದೆ.

ಮೊದಲ 20-30 ಎಸೆತ ಚೆನ್ನಾಗಿ ಹೋಗುತ್ತಿತ್ತಂತೆ. ಆಮೇಲೆ ರಾಡಿನ ತುದಿಯಲ್ಲಿ ದಾರ ಸ್ವಲ್ಪ ಸಡಿಲವಾದರೂ ಸಾಕು, ಸಣ್ಣ ಕುಣಿಕೆ ಎದ್ದು ತನ್ನ ಸುತ್ತ ತಾನೇ ಸುತ್ತಿಕೊಳ್ಳುತ್ತಿತ್ತು. ಕೊನೆಗೆ ಯಾವುದೋ ಒಂದು ಎಸೆತದಲ್ಲಿ ಸ್ಪೂಲಿನಿಂದ ಒಂದು ಹಿಡಿ ದಾರ ಒಟ್ಟಿಗೆ ಕಿತ್ತು ಬಂದು ರಾಡಿನ ಮೊದಲ ಉಂಗುರದಲ್ಲಿ ಸಿಕ್ಕಿಹಾಕಿಕೊಂಡು ಫಟ್ ಅಂತ ನಿಲ್ಲುತ್ತಿತ್ತು. ಅಷ್ಟು ದಾರ ಕತ್ತರಿಸಿ ಎಸೆಯಬೇಕು. ಎರಡು ಸಲ ಹೋಗಿ ಬರುವಷ್ಟರಲ್ಲಿ ಅರ್ಧ ಸ್ಪೂಲ್ ಖಾಲಿ.

ಇದು ಹುರಿ ಅಂತ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಒಂದು ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ರೀಲಿನಿಂದ ಸುಮಾರು ಒಂದು ಮೀಟರ್ ದಾರ ಎಳೆದು ಎರಡೂ ಕೊನೆ ಬಿಗಿಯಾಗಿ ಹಿಡಿಯಿರಿ, ತಿರುಗಲು ಬಿಡಬೇಡಿ. ನಿಧಾನವಾಗಿ ಎರಡು ಕೈಗಳನ್ನೂ ಹತ್ತಿರ ತನ್ನಿ. ಹುರಿ ಇಲ್ಲದ ದಾರ ಸುಮ್ನೆ ಕೆಳಗೆ ಬಾಗಿ ತೂಗುತ್ತದೆ. ಹುರಿ ಇದ್ದರೆ ಎರಡೂ ಎಳೆ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಇವನ ದಾರ ಎಂಟು ಒಂಬತ್ತು ಸುತ್ತು ಸುತ್ತಿಕೊಂಡಿತು. ಹಗ್ಗ ಹೊಸೆಯುವವರು ಬೇಕಂತಲೇ ಕೂಡಿಸುವ ಹುರಿಯೇ ಇದು. ನಮಗೆ ಮಾತ್ರ ಬೇಡದ ಕಡೆ ಬಂದು ಕೂತಿದೆ.

ಅವನು ಆಗಲೇ ಮಾಡಿದ್ದ ಉಪಾಯಗಳು ಎರಡು. ದಾರ ಬದಲಾಯಿಸಿದ್ದ, ಸ್ವಿವೆಲ್ ಬದಲಾಯಿಸಿ ಇನ್ನೂ ದೊಡ್ಡದನ್ನು ಹಾಕಿದ್ದ. ಎರಡೂ ಕೆಲಸ ಮಾಡಲಿಲ್ಲ. ಮಾತಿನ ನಡುವೆ ಇನ್ನೊಂದು ವಿಷಯ ಹೇಳಿದ, ಅವನಿಗೆ ಅದು ಮುಖ್ಯ ಅನ್ನಿಸಿರಲಿಲ್ಲ. ಇದೇ ಸ್ಪಿನ್ನರನ್ನು, ಇದೇ ತರಹದ ಸ್ವಿವೆಲ್ ಜೊತೆ, ಹಿಂದೆ 0.30 ದಾರದಲ್ಲಿ ತುಂಬಾ ದಿನ ಎಸೆದಿದ್ದ. ಆಗ ಈ ಕಾಟ ಇರಲಿಲ್ಲ. ಇನ್ನೂ ದೂರ ಹೋಗಲಿ ಅಂತ ತೆಳು ದಾರಕ್ಕೆ ಬಂದ ಮೇಲೆಯೇ ಶುರುವಾಗಿದ್ದು. ಅದಕ್ಕೇ ದಾರವೇ ಕೆಟ್ಟದ್ದು ಅಂತ ತೀರ್ಮಾನಿಸಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇಡೀ ಪ್ರಕರಣದ ಕೀಲಿ ಅಲ್ಲೇ ಇದೆ.

ಹುರಿ ಬರುವ ದಾರಿ ಎರಡು. ಒಂದು ರೀಲಿನ ಕಡೆಯಿಂದ, ಇನ್ನೊಂದು ಲ್ಯೂರಿನ, ಅಂದರೆ ಸ್ಪಿನ್ನರಿನಂಥ ಕೃತಕ ಎರೆಯ, ಕಡೆಯಿಂದ. ಯಾವ ಕಡೆ ಅಂತ ಗೊತ್ತಾಗದೆ ಏನು ಮಾಡಿದರೂ ಅದು ಊಹೆಯೇ. ಹಾಗಾಗಿ ಮೊದಲು ಇರುವ ಹುರಿಯನ್ನೆಲ್ಲ ತೆಗೆದೆವು. ಹರಿಯುವ ನೀರಿನ ಹತ್ತಿರ ಹೋಗಿ, ಸ್ವಿವೆಲ್, ಸ್ನ್ಯಾಪ್, ಲ್ಯೂರ್ ಎಲ್ಲ ಬಿಚ್ಚಿ, ಬರಿ ದಾರವನ್ನು 60 ಮೀಟರಿನಷ್ಟು ಹರಿವಿನ ಜೊತೆ ಬಿಟ್ಟೆವು. ಕೆಲವು ನಿಮಿಷ ಹಾಗೇ ಎಳೆಯಲು ಬಿಟ್ಟರೆ ಬರಿ ತುದಿ ನೀರಲ್ಲಿ ತಾನೇ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ. ತುದಿಗೆ ಏನನ್ನೂ ಕಟ್ಟಬಾರದು, ಸಣ್ಣ ಸೀಸವೂ ಬೇಡ. ದೋಣಿ ಇದ್ದರೆ ನಿಧಾನವಾಗಿ ಹೋಗುವ ದೋಣಿಯ ಹಿಂದೆ ಬಿಡಬಹುದು. ಹರಿವೂ ಇಲ್ಲ, ದೋಣಿಯೂ ಇಲ್ಲ ಅಂದರೆ ಹುಲ್ಲಿನ ಮೇಲೆ ಉದ್ದಕ್ಕೆ ಎಳೆದುಕೊಂಡು ನಡೆದರೂ ತಕ್ಕಮಟ್ಟಿಗೆ ಆಗುತ್ತದೆ. ವಾಪಸ್ ಸುತ್ತುವಾಗ ದಾರವನ್ನು ಎರಡು ಬೆರಳಿನ ನಡುವೆ ಹಗುರಾಗಿ ಹಿಡಿದು ಬಿಗಿಯಾಗಿ ಸುತ್ತಬೇಕು.

ಆಮೇಲೆ ಸ್ಪಿನ್ನರ್ ಬದಿಗಿಟ್ಟು ಅಷ್ಟೇ ತೂಕದ ಒಂದು ಸೀಸದ ಗುಂಡು ಕಟ್ಟಿದೆವು. ಅದು ನೀರಲ್ಲಿ ತಿರುಗುವುದಿಲ್ಲ. 40 ಸಲ ಎಸೆದು, 40 ಸಲ ಸುತ್ತಿ, ಮತ್ತೆ ಒಂದು ಮೀಟರ್ ದಾರ ಮಡಚಿ ನೋಡಿದೆವು. ಎಳೆಗಳು ಒಂದು ಸುತ್ತು ಸುತ್ತಿಕೊಂಡವು, ಅಷ್ಟೇ. ಅಂದರೆ ಎಸೆದು ಸುತ್ತುವ ಕೆಲಸದಿಂದ ಹುರಿ ಬರುತ್ತಿಲ್ಲ.

ಇದು ತುಂಬಾ ಜನಕ್ಕೆ ಆಶ್ಚರ್ಯ ಅನ್ನಿಸಬಹುದು, ಯಾಕೆಂದರೆ ಸ್ಪಿನ್ನಿಂಗ್ ರೀಲೇ ಹುರಿ ಹಾಕುತ್ತದೆ ಅನ್ನೋ ಮಾತು ಎಲ್ಲ ಕಡೆ ಇದೆ. ಅರ್ಧ ನಿಜ. ಈ ರೀಲಿನಲ್ಲಿ ಸ್ಪೂಲ್ ತಿರುಗುವುದಿಲ್ಲ, ದಾರ ಸ್ಪೂಲಿನ ಅಂಚಿನ ಮೇಲಿಂದ ಸುರುಳಿಯಾಗಿ ಹೊರಡುತ್ತದೆ. ಒಂದು ಸುತ್ತು ಹೊರಟರೆ ಒಂದು ಹುರಿ. ಸ್ಪೂಲಿನ ಅಡ್ಡಳತೆ 45 ಮಿ.ಮೀ. ಅಂದುಕೊಂಡರೆ 25 ಮೀಟರ್ ಎಸೆತಕ್ಕೆ ಸುಮಾರು 175 ಹುರಿ! ಆದರೆ ವಾಪಸ್ ಸುತ್ತುವಾಗ ಬೇಲ್ ಅಷ್ಟೇ ಸಲ ಹಿಂದಿನ ದಿಕ್ಕಿಗೆ ಸುತ್ತಿ ಅದನ್ನು ತೀರಿಸಿಬಿಡುತ್ತದೆ. ಲೆಕ್ಕ ಸೊನ್ನೆ. 1884ರಲ್ಲಿ ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ ಒಂದು ರೀಲಿಗೆ ಪೇಟೆಂಟ್ ಪಡೆದ. ಎಸೆಯುವಾಗ ಸ್ಪೂಲನ್ನು ಅಡ್ಡ ತಿರುಗಿಸಿ ಅಂಚಿನಿಂದ ದಾರ ಬಿಡುವುದು, ಸುತ್ತುವಾಗ ಮತ್ತೆ ನೇರ ಮಾಡಿ ಸ್ಪೂಲನ್ನೇ ತಿರುಗಿಸುವುದು. ಅಲ್ಲಿ ಹೋಗುವಾಗ ಬಿದ್ದ ಹುರಿ ಬರುವಾಗ ಬಿಚ್ಚುತ್ತಲೇ ಇರಲಿಲ್ಲ, ಪ್ರತಿ ಎಸೆತಕ್ಕೂ ಕೂಡುತ್ತಾ ಹೋಗುತ್ತಿತ್ತು. 1905ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಇಲಿಂಗ್‌ವರ್ತ್ ಪೇಟೆಂಟ್ ಮಾಡಿದ ಸ್ಥಿರ ಸ್ಪೂಲಿನ ರೀಲ್ ಈ ಲೆಕ್ಕವನ್ನು ಸರಿಮಾಡಿತು. ಈಗ ನಮ್ಮ ಕೈಯಲ್ಲಿರುವ ಸ್ಪಿನ್ನಿಂಗ್ ರೀಲ್ ಅದರ ವಂಶದ್ದೇ.

ಆದರೆ ರೀಲು ಪೂರ್ತಿ ನಿರಪರಾಧಿ ಅಂತಲೂ ಹೇಳುವ ಹಾಗಿರಲಿಲ್ಲ. ಲ್ಯೂರ್ ಜೊಂಡಿಗೆ ಸಿಕ್ಕಿಕೊಂಡರೆ ಏನು ಮಾಡ್ತೀಯ ಅಂತ ಕೇಳಿದೆ. ಮಾಡಿ ತೋರಿಸಿದ. ರಾಡನ್ನು ಮೇಲೆತ್ತಿ ಹಿಡಿಕೆಯನ್ನು ತಿರುಗಿಸುತ್ತಲೇ ಹೋದ, ಡ್ರ್ಯಾಗ್ (ಎಳೆತ ಜಾಸ್ತಿಯಾದರೆ ಸ್ಪೂಲನ್ನು ಜಾರಲು ಬಿಡುವ ಬ್ರೇಕ್) ಕಿರ್ ಅಂತ ಜಾರುತ್ತಿತ್ತು, ದಾರ ಒಂದಿಂಚೂ ಒಳಗೆ ಬರುತ್ತಿರಲಿಲ್ಲ. ಇದೇ ನೋಡಿ ಕೆಟ್ಟದ್ದು. ಬೇಲ್ ಸುತ್ತುತ್ತಲೇ ಇದೆ, ದಾರ ಮಾತ್ರ ಸ್ಪೂಲಿಗೆ ಸೇರುತ್ತಿಲ್ಲ, ಆ ಸುತ್ತುಗಳೆಲ್ಲ ನೇರವಾಗಿ ದಾರದಲ್ಲಿ ಹುರಿಯಾಗಿ ಕೂರುತ್ತವೆ. ಅವನ ರೀಲಿನ ಗೇರ್ 5.2ಕ್ಕೆ 1. ಹಿಡಿಕೆಯನ್ನು ಹತ್ತು ಸಲ ತಿರುಗಿಸಿದರೆ 52 ಹುರಿ. ದೊಡ್ಡ ಮೀನು ಎಳೆಯುವಾಗ ಗಾಬರಿಯಲ್ಲಿ ತಿರುಗಿಸುವವರು ಮಾಡುವುದೂ ಇದನ್ನೇ. ಡ್ರ್ಯಾಗ್ ಜಾರುವಾಗ ಹಿಡಿಕೆ ನಿಲ್ಲಿಸಬೇಕು. ರಾಡ್ ಮೇಲೆತ್ತಿ ಎಳೆಯುವುದು, ತುದಿ ಕೆಳಗೆ ಇಳಿಸುವಾಗ ಮಾತ್ರ ಸುತ್ತುವುದು.

ಜೊತೆಗೆ ಬೇಲಿನ ಕೊನೆಯ ಲೈನ್ ರೋಲರನ್ನು, ಅಂದರೆ ದಾರ ಹಾಯುವ ಪುಟ್ಟ ಗಾಲಿಯನ್ನು, ನೋಡಿದೆವು. ಬೆರಳಲ್ಲಿ ತಳ್ಳಿದರೂ ಸರಿಯಾಗಿ ತಿರುಗುತ್ತಿರಲಿಲ್ಲ, ಒಳಗೆ ಕೊಳೆ ಕೂತಿತ್ತು. ಬಿಚ್ಚಿ ಒರೆಸಿ ಒಂದು ಹನಿ ಎಣ್ಣೆ ಬಿಟ್ಟೆವು. ಸ್ಪೂಲಿಗೆ ದಾರವನ್ನು ಅಂಚಿನವರೆಗೂ ತುಂಬಿದ್ದ, ಅಂಚಿಗಿಂತ 2 ಮಿ.ಮೀ.ನಷ್ಟು ಕೆಳಗೆ ನಿಲ್ಲುವ ಹಾಗೆ ತೆಗೆದೆವು. ಎಸೆದ ಮೇಲೆ ಬೇಲನ್ನು ಕೈಯಲ್ಲೇ ಮುಚ್ಚಿ, ದಾರವನ್ನು ಒಮ್ಮೆ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತು ಅಂತ ಹೇಳಿದೆ. ಇದರಿಂದ ಹುರಿ ಕಡಿಮೆಯಾಗುವುದಕ್ಕಿಂತ ಹೆಚ್ಚಾಗಿ ಸಡಿಲ ಕುಣಿಕೆ ಸ್ಪೂಲಿನೊಳಗೆ ಹೂತುಹೋಗುವುದು ತಪ್ಪುತ್ತದೆ.

ಈಗ ಅಸಲಿ ಅಪರಾಧಿಯ ಕಡೆಗೆ. ಸ್ಪಿನ್ನರನ್ನು ಮತ್ತೆ ಕಟ್ಟಿ, ಸ್ವಿವೆಲ್‌ಗಿಂತ ಒಂದು ಗೇಣು ಮೇಲೆ, ಮುಖ್ಯ ದಾರಕ್ಕೆ ಬಣ್ಣದ ಟೇಪಿನ ಸಣ್ಣ ಚೂರನ್ನು ಬಾವುಟದ ಹಾಗೆ ಅಂಟಿಸಿದೆವು. ತಿಳಿನೀರಿನಲ್ಲಿ ರಾಡಿನಿಂದಲೇ ಪಕ್ಕಕ್ಕೆ ಎಳೆದು ನೋಡಿದರೆ ಎಲ್ಲ ಕಾಣುತ್ತದೆ. ಎಲೆ ಜೋರಾಗಿ ತಿರುಗುತ್ತಿತ್ತು, ಅದು ಸರಿ. ಆದರೆ ಕಡ್ಡಿಯೂ ಅದರ ಹಿಂದೆಯೇ ನಿಧಾನವಾಗಿ ತಿರುಗುತ್ತಿತ್ತು. ಕಡ್ಡಿಯ ಜೊತೆ ಸ್ನ್ಯಾಪ್, ಸ್ನ್ಯಾಪ್ ಜೊತೆ ಸ್ವಿವೆಲ್, ಅದರ ಜೊತೆ ಬಾವುಟವೂ ಅದೇ ವೇಗದಲ್ಲಿ. ಸ್ವಿವೆಲ್ ಇದ್ದೂ ಇಲ್ಲದ ಹಾಗೆ, ಒಂದು ಗಟ್ಟಿ ಕೊಂಡಿಯ ಹಾಗೆ ಸುಮ್ನೆ ಕೂತಿತ್ತು. ಗೆಳೆಯ ನೋಡುತ್ತಾ ನಿಂತ. “ಮತ್ತೆ ಇದನ್ನ ಯಾಕಪ್ಪ ಹಾಕೋದು?” ಅಂದ.

ಕಡ್ಡಿ ಯಾಕೆ ತಿರುಗುತ್ತೆ ಅಂತ ಮೊದಲು ನೋಡೋಣ. ಎಲೆಯನ್ನು ಕಡ್ಡಿಗೆ ಸೇರಿಸುವುದು ಕ್ಲೆವಿಸ್ ಅನ್ನೋ ಒಂದು ಪುಟ್ಟ ಕೊಂಡಿ. ಎಲೆ ತಿರುಗುವಾಗ ಅದು ಕಡ್ಡಿಗೆ, ಕೆಳಗಿನ ಮಣಿಗೆ ಉಜ್ಜುತ್ತದೆ. ಆ ಉಜ್ಜಾಟ ಕಡ್ಡಿಯನ್ನೂ ಸ್ವಲ್ಪ ಸ್ವಲ್ಪವೇ ಎಳೆದುಕೊಂಡು ತಿರುಗಿಸುತ್ತದೆ. ತುಕ್ಕು ಹಿಡಿದಿದ್ದರೆ, ಪಾಚಿ ಸಿಕ್ಕಿದ್ದರೆ, ಕೊಂಡಿ ಅಮುಕಿ ಹೋಗಿದ್ದರೆ ಇನ್ನೂ ಜಾಸ್ತಿ. ಕಡ್ಡಿಯನ್ನು ಹಿಡಿದು ಎಲೆಯ ಮೇಲೆ ಬಾಯಲ್ಲಿ ಊದಿ ನೋಡಿ, ಸಲೀಸಾಗಿ ತಿರುಗಬೇಕು. ಇವನದ್ದರಲ್ಲಿ ಎಲೆ ತಡೆತಡೆದು ತಿರುಗುತ್ತಿತ್ತು. ಕಲ್ಲಿಗೆ ಬಡಿದು ಕೊಂಡಿ ಸ್ವಲ್ಪ ಸೊಟ್ಟಗಾಗಿತ್ತು, ಇಕ್ಕಳದಲ್ಲಿ ಬಿಡಿಸಿದ ಮೇಲೆ ಕಡ್ಡಿಯ ತಿರುಗಾಟ ಅರ್ಧಕ್ಕಿಳಿಯಿತು. ಪೂರ್ತಿ ನಿಲ್ಲಲಿಲ್ಲ. ಎಷ್ಟೇ ಒಳ್ಳೆಯ ಸ್ಪಿನ್ನರ್ ಆದರೂ ಉಜ್ಜಾಟ ಸೊನ್ನೆ ಆಗುವುದಿಲ್ಲವಲ್ಲ.

ಇನ್ನು ಸ್ವಿವೆಲ್. ನಾವೆಲ್ಲ ಸ್ವಿವೆಲ್ ಹುರಿಯನ್ನು ತಡೆಯುತ್ತದೆ ಅಂದುಕೊಳ್ಳುತ್ತೇವೆ. ಅದಕ್ಕೆ ತಾನಾಗಿ ತಿರುಗುವ ಶಕ್ತಿ ಇಲ್ಲ. ಅದರ ಒಂದು ಕಡೆ ತಿರುಗಬೇಕಾದರೆ ಇನ್ನೊಂದು ಕಡೆಯನ್ನು ಯಾರಾದರೂ ಬಿಗಿಯಾಗಿ ಹಿಡಿದಿರಬೇಕು. ಬಾಟಲಿಯ ಮುಚ್ಚಳ ತೆಗೆಯುವಾಗ ಬಾಟಲಿಯನ್ನು ಹಿಡಿಯದಿದ್ದರೆ ಬಾಟಲಿಯೇ ತಿರುಗುತ್ತೆ ಅಲ್ವಾ, ಹಾಗೆ. ಇಲ್ಲಿ ಹಿಡಿಯುವ ಕೆಲಸ ದಾರದ್ದು. ದಾರ ತಿರುಚಿಕೊಳ್ಳಲು ಒಪ್ಪದೆ ಬಿಗಿಯಾಗಿ ನಿಂತರೆ ಸ್ವಿವೆಲ್ ತಿರುಗುತ್ತದೆ. ದಾರ ಮೆತ್ತಗಿದ್ದರೆ ಸ್ವಿವೆಲ್‌ನ ಒಳಗಿನ ಉಜ್ಜಾಟವೇ ಗೆಲ್ಲುತ್ತದೆ, ದಾರ ತಿರುಚಿಕೊಳ್ಳುತ್ತದೆ.

ಈಗ 0.30 ಮತ್ತು 0.20ರ ಲೆಕ್ಕಕ್ಕೆ ಬನ್ನಿ. ಒಂದೇ ವಸ್ತುವಿನ ದಾರಗಳಲ್ಲಿ ತಿರುಚುವಿಕೆಗೆ ಎದುರು ನಿಲ್ಲುವ ಬಿಗಿ, ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಇರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ 16 ಪಟ್ಟು. 0.30ರಿಂದ 0.20ಕ್ಕೆ ಇಳಿದರೆ ಉಳಿಯುವುದು ಐದರಲ್ಲಿ ಒಂದು ಪಾಲು. ದಪ್ಪ ದಾರದಲ್ಲಿ ಕೆಲವು ಹುರಿ ಕೂಡುವಷ್ಟರಲ್ಲೇ ದಾರ ಸ್ವಿವೆಲ್ ಅನ್ನು ತಿರುಗಿಸಿಬಿಡುತ್ತಿತ್ತು. ತೆಳು ದಾರ ಅದೇ ಸ್ವಿವೆಲ್ ಅನ್ನು ತಿರುಗಿಸಬೇಕಾದರೆ ಅದರ ಐದು ಪಟ್ಟು ಹುರಿ ಮೊದಲು ತನ್ನ ಮೈಮೇಲೆ ಹೊತ್ತುಕೊಳ್ಳಬೇಕು. ಹುರಿ ಅಷ್ಟಾಗುವಷ್ಟರಲ್ಲಿ ಎಲ್ಲೋ ಒಂದು ಕಡೆ ದಾರ ಸಡಿಲವಾಗಿ ಕುಣಿಕೆ ಎದ್ದುಬಿಡುತ್ತದೆ. ದಾರ ಕೆಟ್ಟದ್ದಾಗಿರಲಿಲ್ಲ, ತೆಳುವಾಗಿತ್ತು ಅಷ್ಟೇ. ದೊಡ್ಡ ಸ್ವಿವೆಲ್ ಹಾಕಿದ್ದು ಇನ್ನೂ ತಪ್ಪು. ದೊಡ್ಡದರಲ್ಲಿ ಉಜ್ಜುವ ಜಾಗವೂ ದೊಡ್ಡದು, ತಿರುಗಿಸಲು ಇನ್ನೂ ಜಾಸ್ತಿ ಬಲ ಬೇಕು.

ಮೊದಲು ಸ್ವಿವೆಲ್ ಬದಲಾಯಿಸಿದೆವು. ಸಾಮಾನ್ಯ ಬ್ಯಾರೆಲ್ ಸ್ವಿವೆಲ್ ಕೈಯಲ್ಲಿ ಹಿಡಿದು ತಿರುಗಿಸಿದರೆ ಚೆನ್ನಾಗಿಯೇ ತಿರುಗುತ್ತದೆ, ಎಳೆತ ಬಿದ್ದ ಕೂಡಲೇ ಒಳಗೆ ಲೋಹಕ್ಕೆ ಲೋಹ ಒತ್ತಿ ಹಿಡಿದುಕೊಳ್ಳುತ್ತದೆ. ಬಾಲ್ ಬೇರಿಂಗ್ ಇರುವುದು ಎಳೆತದಲ್ಲೂ ತಿರುಗುತ್ತದೆ. ಸಿಕ್ಕಿದ್ದರಲ್ಲಿ ಅತಿ ಸಣ್ಣ ಬಾಲ್ ಬೇರಿಂಗ್ ಸ್ವಿವೆಲ್ ಹಾಕಿದೆವು. ಬಾವುಟದ ತಿರುಗಾಟ ತುಂಬಾ ಕಡಿಮೆಯಾಯಿತು. ಆದರೂ ಸ್ವಲ್ಪ ಉಳಿದಿತ್ತು, ಅದೂ ಬೇಗ ಎಳೆದಾಗ.

ಹಾಗಾಗಿ ದಾರಕ್ಕೆ ಹಿಡಿಯುವ ಕೈ ಕೊಡಬೇಕಿತ್ತು. ಹಳೆಯ ಉಪಾಯವೇ, ಅರ್ಧಚಂದ್ರದ ಹಾಗೆ ಮಡಚಿದ ಸೀಸ. ತೆಳುವಾದ ದುಂಡು ಸೀಸದ ತಗಡನ್ನು ದಾರದ ಮೇಲೆ ಮಡಚಿ ಒತ್ತಿದರೆ ಅದರ ತೂಕವೆಲ್ಲ ದಾರದ ಕೆಳಗೆ ತೂಗುತ್ತದೆ, ದೋಣಿಯ ತಳದಲ್ಲಿ ಉದ್ದಕ್ಕೆ ಇರುವ ಪಟ್ಟಿಯ (ಕೀಲ್) ಹಾಗೆ. ಪಕ್ಕಕ್ಕೆ ಹೊರಳಿದರೂ ತೂಕ ಮತ್ತೆ ಕೆಳಗೆ ಎಳೆಯುತ್ತದೆ, ದಾರ ತಿರುಗಲು ಬಿಡುವುದಿಲ್ಲ. ಸುಮಾರು 2 ಗ್ರಾಂ ಸಾಕಾಯಿತು. ಸೀಸದ ಬದಲು ತವರ ಇಲ್ಲವೇ ಬೇರೆ ಭಾರದ ಲೋಹವೂ ಆಗುತ್ತದೆ, ಸೀಸಕ್ಕೆ ನಿಷೇಧ ಇರುವ ನೀರುಗಳಲ್ಲಿ ಹಾಗೇ ಮಾಡಬೇಕು.

ಇಲ್ಲಿ ಒಂದು ತಪ್ಪಾಯಿತು, ಹೇಳಲೇಬೇಕು, ಯಾಕೆಂದರೆ ತುಂಬಾ ಜನ ಇಲ್ಲೇ ಎಡವುತ್ತಾರೆ. ಮೊದಲ ಸಲ ಗೆಳೆಯ ಸ್ವಿವೆಲ್ ಮತ್ತು ಸ್ಪಿನ್ನರ್ ನಡುವೆ ಒಂದು ತುಂಡು ದಾರ ಕಟ್ಟಿ, ಸೀಸವನ್ನು ಅದಕ್ಕೆ, ಅಂದರೆ ಸ್ವಿವೆಲ್‌ನ ಕೆಳಗೆ ಒತ್ತಿದ. ಆಗ ಏನಾಯಿತು ಅಂದರೆ, ಸೀಸ ತಿರುಗದೆ ನಿಂತಿತು, ಅದರ ಮೇಲಿನ ಸ್ವಿವೆಲ್‌ಗೆ ಕೆಲಸವೇ ಇಲ್ಲ, ಸೀಸಕ್ಕೂ ಸ್ಪಿನ್ನರಿಗೂ ನಡುವಿನ ಆ ತುಂಡು ದಾರ ಎಲ್ಲ ಹುರಿಯನ್ನೂ ತಾನೇ ಕುಡಿದು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿತು. ಸೀಸ ಇರಬೇಕಾದದ್ದು ಸ್ವಿವೆಲ್‌ನ ಮೇಲೆ, ರಾಡಿನ ಕಡೆ, ಸ್ವಿವೆಲ್‌ಗೆ ತಾಗಿದ ಹಾಗೆ. ಮುಖ್ಯ ದಾರವನ್ನು ಸೀಸ ಹಿಡಿಯುತ್ತದೆ, ಸ್ಪಿನ್ನರ್ ಕಡೆಯನ್ನು ಸ್ವಿವೆಲ್ ಬಿಡುತ್ತದೆ. ಸ್ಥಳ ಬದಲಾಯಿಸಿದ ಕೂಡಲೇ ಬಾವುಟ ನಿಂತುಬಿಟ್ಟಿತು. ಎಷ್ಟು ಬೇಗ ಎಳೆದರೂ ಅಲುಗಾಡಲಿಲ್ಲ. ನೋಡಿ ತುಂಬಾ ಖುಷಿಯಾಯಿತು.

ಸ್ವಿವೆಲ್ ಮತ್ತು ಸ್ಪಿನ್ನರ್ ನಡುವೆ ಆ ತುಂಡಿನ ಜಾಗದಲ್ಲಿ 40 ಸೆಂ.ಮೀ. ಲೀಡರ್ ಇಟ್ಟೆವು, ಅಂದರೆ ಸ್ವಲ್ಪ ದಪ್ಪ ದಾರದ ತುಂಡು. ಲೋಹದ ಸಾಮಾನೆಲ್ಲ ಸ್ಪಿನ್ನರಿನ ಮೂಗಿನಲ್ಲೇ ತೂಗುವುದು ತಪ್ಪಿತು, ಎಲೆ ನಿಧಾನ ವೇಗದಲ್ಲೂ ಬೇಗ ತಿರುಗಲು ಶುರುಮಾಡಿತು. ಇದಕ್ಕೊಂದು ಬೆಲೆ ಇದೆ, ಎಸೆಯುವಾಗ ಸೀಸವೂ ಸ್ಪಿನ್ನರೂ ಗಾಳಿಯಲ್ಲಿ ಒಂದನ್ನೊಂದು ಸುತ್ತಿ ಸಿಕ್ಕು ಬೀಳಬಹುದು. ಲ್ಯೂರ್ ನೀರಿಗೆ ಬೀಳುವ ಸ್ವಲ್ಪ ಮೊದಲು ಸ್ಪೂಲಿನ ಅಂಚಿಗೆ ಬೆರಳು ತಾಗಿಸಿ ದಾರವನ್ನು ತಡೆದರೆ ಲೀಡರ್ ನೇರವಾಗಿ ಚಾಚಿಕೊಂಡು ಬೀಳುತ್ತದೆ. ಒಂದು ಮಧ್ಯಾಹ್ನ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಸೀಸ ಬೇಡ ಅನ್ನುವವರಿಗೆ ಇನ್ನೊಂದು ದಾರಿಯನ್ನೂ ಪ್ರಯತ್ನಿಸಿದೆವು. ಸ್ಪಿನ್ನರಿನ ಕಡ್ಡಿಯನ್ನೇ ಎಲೆಗಿಂತ ಮುಂದೆ, ಕಣ್ಣಿನ ಹತ್ತಿರ ಸ್ವಲ್ಪ ಬಗ್ಗಿಸುವುದು. ಆಗ ಮೈಯ ತೂಕ ಎಳೆತದ ಗೆರೆಗಿಂತ ಕೆಳಗೆ ಬಂದು ಕಡ್ಡಿ ಹೊರಳದೆ ನಿಲ್ಲುತ್ತದೆ. ಸ್ವಲ್ಪ ಬಗ್ಗಿಸಿದಾಗ ಚೆನ್ನಾಗಿ ಕೆಲಸ ಮಾಡಿತು. ಜಾಸ್ತಿ ಬಗ್ಗಿಸಿದಾಗ ಎಲೆ ಶುರುವಾಗಲು ಜೋರಾಗಿ ಎಳೆಯಬೇಕಾಯಿತು, ಲ್ಯೂರ್ ಒಂದು ಪಕ್ಕಕ್ಕೆ ವಾಲಿತು. ನನಗಂತೂ ಸ್ವಿವೆಲ್ ಮೇಲಿನ ಸೀಸವೇ ಇಷ್ಟ, ಲ್ಯೂರ್ ಬದಲಾಯಿಸಿದರೂ ಅದು ಅಲ್ಲೇ ಇರುತ್ತದೆ.

ಅವನ ಡಬ್ಬಿಯಲ್ಲಿದ್ದ ಬೇರೆ ಲ್ಯೂರುಗಳನ್ನೂ ಅದೇ ಬಾವುಟ ಕಟ್ಟಿ ನೋಡಿದೆವು. ಸ್ಪೂನ್ (ಚಮಚದ ಆಕಾರದ ಲೋಹದ ಲ್ಯೂರ್) ನಿಧಾನಕ್ಕೆ ಎಳೆದಾಗ ಅತ್ತಿತ್ತ ಹೊಯ್ದಾಡಿತು, ಬಾವುಟ ಸುಮ್ನಿತ್ತು. ವೇಗ ಹೆಚ್ಚಿಸಿದ ಕೂಡಲೇ ಪೂರ್ತಿ ಬುಗುರಿಯಾಯಿತು. ಅದಕ್ಕೆ ಮದ್ದು ಕೈಯ ವೇಗ ಇಳಿಸುವುದೇ. ಸಾಫ್ಟ್ ಪ್ಲಾಸ್ಟಿಕ್ ಮೀನು ಗಾಳದ ಮೇಲೆ ಸೊಟ್ಟಗೆ ಕೂತಿತ್ತು, ಅದೂ ತಿರುಗುತ್ತಿತ್ತು. ಇದನ್ನು ಯಾವ ಸ್ವಿವೆಲ್ ಹಾಕಿಯೂ ಸರಿಮಾಡಬೇಡಿ. ಗಾಳವನ್ನು ಪ್ಲಾಸ್ಟಿಕ್ಕಿನ ಪಕ್ಕಕ್ಕಿಟ್ಟು, ಮುಳ್ಳು ಎಲ್ಲಿ ಹೊರಬರಬೇಕು ಅಂತ ಬೆರಳುಗುರಲ್ಲಿ ಗುರುತು ಮಾಡಿ, ನಟ್ಟನಡುವೆ ಚುಚ್ಚಿ ಅಲ್ಲೇ ಹೊರತೆಗೆಯಬೇಕು. ಮೈ ಎಲ್ಲೂ ಗೂನಾಗಬಾರದು. ಹಾಗೆ ಮಾಡಿದ ಮೇಲೆ ಅದು ನೆಟ್ಟಗೆ ಈಜಿತು.

ಬ್ರೇಡ್ (ಸಣ್ಣ ಎಳೆಗಳನ್ನು ಹೆಣೆದ) ದಾರಕ್ಕೆ ಹೋದರೆ ಮುಗಿಯಿತಲ್ಲ ಅಂತ ಗೆಳೆಯ ಕೇಳಿದ. ಇಲ್ಲ. ಬ್ರೇಡ್ ಇನ್ನೂ ಮೆತ್ತಗೆ, ಸ್ವಿವೆಲ್ ಅನ್ನು ತಿರುಗಿಸುವ ಬಿಗಿ ಅದಕ್ಕೆ ಮೋನೊಗಿಂತಲೂ ಕಡಿಮೆ. ಹುರಿ ಬಿದ್ದರೂ ಕಣ್ಣಿಗೆ ಬೇಗ ಕಾಣುವುದಿಲ್ಲ, ಒಂದು ದಿನ ಇದ್ದಕ್ಕಿದ್ದ ಹಾಗೆ ಬಿಚ್ಚಲಾಗದ ಗಂಟಾಗಿ ಕಾಣುತ್ತದೆ.

ಹೊಸ ಜೋಡಣೆಯಲ್ಲಿ ಮೂರು ಸಲ ಹೋಗಿ ಬಂದ. ಮೂರನೇ ದಿನ ಸಂಜೆ ಮತ್ತೆ ಒಂದು ಮೀಟರ್ ದಾರ ಮಡಚಿ ನೋಡಿದೆವು. ಒಂದೂವರೆ ಸುತ್ತು. ಒಂದು ಗಂಟೂ ಬಿದ್ದಿರಲಿಲ್ಲ, ಒಂದು ಅಡಿ ದಾರವನ್ನೂ ಕತ್ತರಿಸಿರಲಿಲ್ಲ. ಮೊದಲ ಸಲ ಕೆಟ್ಟದ್ದು ಅಂತ ಬಿಚ್ಚಿ, ಕಸಕ್ಕೆ ಹಾಕದೆ ಮನೆಯಲ್ಲಿಟ್ಟಿದ್ದ ದಾರ ಸುಮಾರು 70 ಮೀಟರ್ ಉಳಿದಿತ್ತು. ಅದನ್ನೂ ಹರಿವಿಗೆ ಬಿಟ್ಟು ಹುರಿ ತೆಗೆದು ಅವನ ಎರಡನೇ ಸ್ಪೂಲಿಗೆ ಸುತ್ತಿದೆವು. ಈಗ ಅವನು ಎಸೆಯುತ್ತಿರುವುದು ಅದೇ ದಾರದಲ್ಲಿ.